ಆರು ತುಂಬೋವರೆಗೂ ಆಡ್ತಾ ಇದ್ರೆ ಮಗು ಏನ್ ಕಲಿಯುತ್ತೆ?

ಮೇ ತಿಂಗಳು ಬಂತಂದ್ರೆ ಸಾಕು, ಹಾಲಿನ ಬೂತಲ್ಲಿ, ಅಪಾರ್ಟ್‌ಮೆಂಟ್ ಗೇಟಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಕಡೆ ಒಂದೇ ಲೆಕ್ಕ, "ಜೂನ್ 1ಕ್ಕೆ ನಿಮ್ ಮಗೂಗೆ ಎಷ್ಟಾಗುತ್ತೆ?" ಒಂದನೇ ಕ್ಲಾಸಿಗೆ ಸೇರೋಕೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು ಅಂತ ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡ್ತು, ಆಗ್ಲೇ ಎಲ್‌ಕೆಜಿ ಯುಕೆಜಿ ಸೇರಿಬಿಟ್ಟಿದ್ದ ಮಕ್ಕಳ ಅಪ್ಪ ಅಮ್ಮ ಗಾಬರಿ ಆದ್ರು, ಕೊನೆಗೆ ಜಾರಿ 2025-26ಕ್ಕೆ ಹೋಯ್ತು, ಆ ವರ್ಷವೂ ಪೋಷಕರ ಒತ್ತಾಯ ಜಾಸ್ತಿಯಾಗಿ 2025ರ ಏಪ್ರಿಲ್‌ನಲ್ಲಿ ಅದೊಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದ್ರು. ಮುಂದಿನ ವರ್ಷದಿಂದ 6 ತುಂಬಿರ್ಲೇಬೇಕು ಅಂತ ಆವಾಗ್ಲೇ ಹೇಳಿದ್ರು.

ಈ ಗಲಾಟೆಯಲ್ಲಿ ನಾನು ಪದೇಪದೇ ಕೇಳಿದ ಮಾತು ಒಂದಿದೆ. "ಯುಕೆಜಿ ಮುಗೀತು, ಎರಡು ತಿಂಗಳು ಕಮ್ಮಿ ಅಂತ ಇನ್ನೊಂದ್ ವರ್ಷ ಸುಮ್ನೆ ಆಟ ಆಡ್ಕೊಂಡಿರ್ಬೇಕಾ?" ಕೇಳಿದವರ ಸಂಕಟ ನಿಜವಾದ್ದೇ, ಫೀಸು ಕಟ್ಟಿರ್ತಾರೆ, ಜೊತೆ ಮಕ್ಕಳು ಮುಂದೆ ಹೋಗ್ತಾರೆ, ವರ್ಷ ಹಾಳಾಯ್ತು ಅನ್ಸುತ್ತೆ. ಆದ್ರೆ ಆ "ಸುಮ್ನೆ ಆಟ" ಅನ್ನೋ ಎರಡು ಪದ ಇದ್ಯಲ್ಲ, ಅದನ್ನ ಬಿಡಿಸಿ ನೋಡ್ಬೇಕು. ಮೂರರಿಂದ ಆರು ವರ್ಷದ ಮಗು ಆಡುವಾಗ ಅದರ ಕೈಯಲ್ಲಿ, ಕಿವೀಲಿ, ತಲೇಲಿ ಏನ್ ನಡೀತಾ ಇರುತ್ತೆ ಅಂತ ಒಂದೊಂದಾಗಿ ನೋಡೋಣ.

ಮೊದ್ಲು ಈ ಹೆಸರುಗಳು

ಪ್ರೀಸ್ಕೂಲ್, ನರ್ಸರಿ, ಎಲ್‌ಕೆಜಿ, ಯುಕೆಜಿ, ಮಾಂಟೆಸರಿ, ಶಿಶುವಿಹಾರ, ಬಾಲವಾಡಿ, ಅಂಗನವಾಡಿ. ಹೆಸರು ಎಷ್ಟೇ ಇದ್ರೂ ವಯಸ್ಸು ಒಂದೇ, 3ರಿಂದ 6. ರಾಷ್ಟ್ರೀಯ ಶಿಕ್ಷಣ ನೀತಿ 2020 ಈ ಮೂರು ವರ್ಷಾನ ಒಂದು ಮತ್ತು ಎರಡನೇ ಕ್ಲಾಸಿನ ಜೊತೆ ಸೇರಿಸಿ 5 ವರ್ಷದ ಒಂದು ಬುನಾದಿ ಹಂತ ಅಂತ ಮಾಡ್ತು. ಅಂದ್ರೆ 3ರಿಂದ 8 ವರ್ಷದವರೆಗೆ ಒಂದೇ ಥರದ ಕಲಿಕೆ, ಮಧ್ಯದಲ್ಲಿ "ಇಲ್ಲೀವರೆಗೂ ಆಟ, ಇಲ್ಲಿಂದ ಪಾಠ" ಅಂತ ಗೋಡೆ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ ಈ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟಾನೇ ಮಧ್ಯದಲ್ಲಿಟ್ಟು ಬರೆದಿರೋದು.

ಇದೇನು ಹೊಸ ಫ್ಯಾಶನ್ ಅಲ್ಲ. ಕಿಂಡರ್‌ಗಾರ್ಟನ್ ಅನ್ನೋ ಪದವನ್ನ ಕೊಟ್ಟವರು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್, 1840ರಲ್ಲಿ. ಅದರ ಅರ್ಥ ಮಕ್ಕಳ ತೋಟ. ಎಲ್‌ಕೆಜಿಯ "ಕೆಜಿ" ಇರೋದೇ ಇದು, ಮರದ ತುಂಡು, ಚೆಂಡು, ಹಾಡು, ತೋಟದ ಕೆಲಸ ಇದ್ದ ಜಾಗಕ್ಕೆ ಇಟ್ಟ ಹೆಸರು, ನಾಲ್ಕು ಗೆರೆ ಕಾಪಿಗಲ್ಲ. ನಮ್ಮ ದೇಶದಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಶುರು ಮಾಡಿದ್ರು, ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಆಮೇಲೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡವರ ಮಕ್ಕಳಿಗೆ ಬಾಲವಾಡಿ ಕಟ್ಟಿದ್ರು. ಮಕ್ಕಳು ಶಾಲೆಗೆ ಬರ್ದೇ ಇದ್ರೆ ಶಾಲೇನೇ ಅವರ ಅಂಗಳಕ್ಕೆ ಹೋಗ್ಲಿ ಅಂತ ಹೊರಟವರು ಅವರು. ಅಂಗಳ, ಅಂಗನ, ಅಂಗನವಾಡಿ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲ ಜಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿ ಇದಾವೆ. ಅಂಗನವಾಡಿ ಅಂದ್ರೆ ಮೊಟ್ಟೆ, ಹಾಲು, ತೂಕ, ಚುಚ್ಚುಮದ್ದು ಅಷ್ಟೇ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಆದ್ರೆ ಶಾಲಾಪೂರ್ವ ಶಿಕ್ಷಣ ಮೊದಲ ದಿನದಿಂದಲೂ ಅದರ ಕೆಲಸವೇ, ನಮ್ಮಲ್ಲಿ "ಚಿಲಿಪಿಲಿ" ಅನ್ನೋ ಚಟುವಟಿಕೆ ಪಠ್ಯಕ್ರಮ ಅಲ್ಲಿ ಇದೆ.

ಎಲ್ಲಾ ಆಟವೂ ಒಂದೇ ಅಲ್ಲ

ಆಟ ಅಂದಾಗ ಕೆಲವರ ಕಣ್ಣ ಮುಂದೆ ಬರೋದು ಮಕ್ಕಳು ಕಿರಿಚ್ಕೊಂಡು ಓಡಾಡೋದು, ಟೀಚರ್ ಫೋನ್ ನೋಡ್ಕೊಂಡು ಕೂತಿರೋದು. ಅದಲ್ಲ. ಪಠ್ಯಕ್ರಮ ಚೌಕಟ್ಟು ಮೂರು ಥರ ಹೇಳುತ್ತೆ.

ಒಂದು ಸ್ವತಂತ್ರ ಆಟ. ಏನಾಡ್ಬೇಕು, ಯಾರ ಜೊತೆ, ಎಷ್ಟೊತ್ತು, ಎಲ್ಲಾ ಮಗುವಿನ ತೀರ್ಮಾನ, ದೊಡ್ಡವರು ಸುರಕ್ಷತೆ ನೋಡ್ಕೋತಾರೆ ಅಷ್ಟೇ. ಎರಡನೇದು ದೊಡ್ಡವರು ಜೊತೆಗಿರೋ ಆಟ. ಆಟ ಮಗುವಿಂದೇ, ಆದ್ರೆ ಟೀಚರ್ ಪಕ್ಕದಲ್ಲಿ ಕೂತು ಒಂದು ಸಾಮಾನು ತಂದಿಡ್ತಾರೆ, ಒಂದು ಪ್ರಶ್ನೆ ಕೇಳ್ತಾರೆ. "ಈ ಸೇತುವೆ ಮೇಲೆ ಲಾರಿ ಹೋದ್ರೆ ಬಿದ್ದೋಗಲ್ವಾ, ಏನ್ ಮಾಡೋಣ?" ಅಷ್ಟು ಸಾಕು, ಮಗು ಇಟ್ಟಿಗೆಯನ್ನ ಬೇರೆ ಥರ ಜೋಡ್ಸೋಕೆ ಶುರು ಮಾಡುತ್ತೆ. ಮೂರನೇದು ನಿಯಮ ಇರೋ ಆಟ, ಟೀಚರ್ ನಡೆಸ್ತಾರೆ, ಎಲ್ಲರೂ ಪಾಲಿಸ್ಬೇಕು. ಕುಂಟೆಬಿಲ್ಲೆ, ಕೆರೆ-ದಡ, ಹಾವು ಏಣಿ ಇವೆಲ್ಲ.

ಒಳ್ಳೆ ಪ್ರೀಸ್ಕೂಲಿನ ದಿನದಲ್ಲಿ ಮೂರೂ ಇರುತ್ತೆ. ಅಡುಗೆಗೆ ಹೋಲಿಸೋದಾದ್ರೆ ಬರೀ ಉಪ್ಪಿನಕಾಯಿ ತಿಂದು ಊಟ ಆಯ್ತು ಅನ್ನೋಕಾಗಲ್ಲ, ಹಾಗೇ ಬರೀ ಟೀಚರ್ ಹೇಳಿದ ಆಟ ಆಡ್ಸಿ ಆಟ ಆಯ್ತು ಅನ್ನೋಕೂ ಆಗಲ್ಲ. ನಮ್ಮಲ್ಲಿ ಕಮ್ಮಿ ಸಿಗೋದು ಮೊದಲನೇದು, ಸ್ವತಂತ್ರ ಆಟ.

ಒಂದು ಬಸ್ ಆಟ ಬಿಡಿಸಿ ನೋಡಿದ್ರೆ

ನಮ್ಮ ಬೀದಿಯ ನಾಲ್ಕೈದು ಮಕ್ಕಳು ಸಂಜೆ ಪ್ಲಾಸ್ಟಿಕ್ ಚೇರು ಸಾಲಾಗಿಟ್ಟು ಬಸ್ ಆಡ್ತಾರೆ. ಮುಂದೆ ಕೂತವನ ಕೈಯಲ್ಲಿ ಊಟದ ತಟ್ಟೆ, ಅದು ಸ್ಟೀರಿಂಗು. ಕಂಡಕ್ಟರ್ ಹೆಗಲಿಗೆ ಅಜ್ಜಿಯ ತರಕಾರಿ ಬ್ಯಾಗು. ಬೇಲಿ ಗಿಡದ ಎಲೆ ಕಿತ್ತು ಟಿಕೆಟ್. "ಎಲ್ಲಿಗೆ? ಹಾಸನಾನ? ಎಷ್ಟ್ ಜನ?" ಅಂತ ಕೇಳ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಸೇರ್ಕೊಂಡಿದೆ, ಕಂಡಕ್ಟರ್ ಹುಡುಗೀರ ಹತ್ರ ಬಂದು "ಆಧಾರ್ ತೋರ್ಸಿ" ಅಂತಾಳೆ, ಇನ್ನೊಂದು ಎಲೆ ಕಿತ್ತು ತೋರಿಸ್ತಾರೆ, ಅವರಿಗೆ ದುಡ್ಡಿಲ್ಲದ ಟಿಕೆಟ್. "ಹೋಲ್ಡಾನ್! ಇಳಿಯೋರಿದಾರೆ. ಆಯ್ತು, ರೈಟ್ ರೈಟ್."

ಈ ಇಪ್ಪತ್ತು ನಿಮಿಷದಲ್ಲಿ ಎಷ್ಟೆಲ್ಲಾ ನಡೀತು ನೋಡಿ.

ಎಲೆ ಟಿಕೆಟ್ ಆಯ್ತು. ಇದು ಚಿಕ್ಕ ವಿಷಯ ಅಲ್ಲ. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಅನ್ನೋ ತಿಳುವಳಿಕೆ ಇಲ್ದೇ ಯಾವ ಮಗುವೂ ಓದೋಕೆ ಬರೆಯೋಕೆ ಕಲಿಯೋಕಾಗಲ್ಲ, ಯಾಕಂದ್ರೆ "ಮ" ಅನ್ನೋ ಆಕಾರ ಕೂಡ ಒಂದು ಗೆರೆ ಅಷ್ಟೇ, ಅದು ಬಾಯಲ್ಲಿ ಬರೋ ಒಂದು ಶಬ್ದದ ಬದಲಿಗೆ ನಿಂತಿದೆ. ರಷ್ಯಾದ ಮನಃಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಸುಮಾರು 90 ವರ್ಷದ ಹಿಂದೆ ಹೇಳಿದ್ದು ಇದನ್ನೇ, ಕೋಲನ್ನ ಕುದುರೆ ಮಾಡ್ಕೊಂಡು ಓಡೋ ಮಗು ವಸ್ತುವನ್ನೂ ಅರ್ಥವನ್ನೂ ಬೇರೆ ಮಾಡೋದನ್ನ ಮೊದಲ ಸಲ ಕಲೀತಿದೆ ಅಂತ. ಆಟದಲ್ಲಿ ಮಗು ತನ್ನ ವಯಸ್ಸಿಗಿಂತ ಒಂದು ತಲೆ ಎತ್ತರ ಇರುತ್ತೆ ಅಂತಾನೂ ಅವರು ಹೇಳಿದಾರೆ. ನಿಜಕ್ಕೂ ಹಾಗೇನೇ, ಮನೇಲಿ ಎರಡು ನಿಮಿಷ ಒಂದು ಕಡೆ ಕೂರದ ಹುಡುಗ ಆ ಬಸ್ಸಲ್ಲಿ ಪ್ಯಾಸೆಂಜರ್ ಆಗಿ ಹಾಸನದವರೆಗೂ ಕೂತಿರ್ತಾನೆ.

ಆಮೇಲೆ ಮಾತು. ಮನೇಲಿ "ನೀರ್ ಬೇಕು", "ಬೇಡ" ಅಂತ ಎರಡು ಪದದಲ್ಲಿ ಮುಗಿಸೋ ಮಗು ಇಲ್ಲಿ ಕಂಡಕ್ಟರ್ ಭಾಷೆ ಮಾತಾಡುತ್ತೆ, ಬಹುವಚನ ಹಾಕುತ್ತೆ, "ಮುಂದೆ ಹೋಗಿ, ಜಾಗ ಇದೆ" ಅಂತ ಪೂರ್ತಿ ವಾಕ್ಯ ಕಟ್ಟುತ್ತೆ. ಆಮೇಲೆ ಜಗಳ. "ನಿನ್ನೆನೂ ನೀನೇ ಡ್ರೈವರ್." ಇದೂ ಕಲಿಕೆಯ ಭಾಗವೇ, ಯಾಕಂದ್ರೆ ಆಟ ಮುಂದುವರೀಬೇಕಂದ್ರೆ ಒಪ್ಪಂದ ಆಗ್ಲೇಬೇಕು, ಬರೀ ಅತ್ತರೆ ಬಸ್ಸು ನಿಂತೋಗುತ್ತೆ. ದೊಡ್ಡವರು ತಕ್ಷಣ ನಡುವೆ ಬಂದು ತೀರ್ಪು ಕೊಟ್ರೆ ಆ ಒಪ್ಪಂದ ಮಾಡ್ಕೊಳ್ಳೋ ಅವಕಾಶ ಹೋಯ್ತು. ಕೈ ಮಾಡೋಕೆ ಹೋಗೋವರೆಗೂ ಸ್ವಲ್ಪ ಕಾಯೋದು ಒಳ್ಳೇದು.

ಕೈ: ಪೆನ್ಸಿಲ್‌ಗಿಂತ ಮುಂಚೆ ಅವರೆಕಾಯಿ

ಮೂರು ವರ್ಷಕ್ಕೇ ಅ ಆ ಇ ಈ ತಿದ್ದಿಸೋದು ಯಾಕೆ ಕಷ್ಟ ಅಂದ್ರೆ ಅದು ಬುದ್ಧಿಗಿಂತ ಮುಂಚೆ ಕೈಯ ವಿಷಯ. ಮಣಿಕಟ್ಟಲ್ಲಿ 8 ಪುಟ್ಟ ಮೂಳೆ ಇರ್ತಾವೆ, ಮೂರು ವರ್ಷದ ಮಗೂಗೆ ಅದರಲ್ಲಿ ಕೆಲವು ಇನ್ನೂ ಮೃದ್ವಸ್ಥಿ ಅಂದ್ರೆ ಮೆತ್ತಗಿನ ಎಲುಬಾಗೇ ಇರ್ತಾವೆ. ಬೆರಳಿನ ಸಣ್ಣ ಸ್ನಾಯುಗಳೂ ಬಲಿತಿರಲ್ಲ. ಮೈ ಬೆಳೆಯೋ ಕ್ರಮಾನೇ ಹಾಗೆ, ಮೊದ್ಲು ಭುಜ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಅದಕ್ಕೇ ಚಿಕ್ಕ ಮಕ್ಕಳು ಪೆನ್ಸಿಲನ್ನ ಮುಷ್ಟಿಯಲ್ಲಿ ಹಿಡಿದು ಇಡೀ ತೋಳು ಆಡಿಸಿ ಗೀಚ್ತಾರೆ. ಅದರ ಮೇಲೆ ನಮ್ಮ ಲಿಪಿ ನೋಡಿ, ನೇರ ಗೆರೆ ಕಮ್ಮಿ, ಎಲ್ಲಾ ಸುತ್ತು, ಕೊಂಬು, ತಿರುವು. "ಈ" ಬರೆಯೋಕೆ ಕೈ ಎಷ್ಟು ಕಡೆ ತಿರುಗ್ಬೇಕು!

ಹಾಗಾದ್ರೆ ಬೆರಳು ಬಲಿಯೋದು ಹೇಗೆ? ಮರ ಹತ್ತಿ ಜೋತಾಡಿದ್ರೆ ಭುಜ, ಮಣ್ಣು ಕಲಸಿದ್ರೆ ಅಂಗೈ, ಬುಗುರಿಗೆ ಚಾಟಿ ಸುತ್ತಿದ್ರೆ ಬೆರಳು. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ನಮ್ಮ ಹಳೆ ಮೈಸೂರು ಕಡೆ ಮನೆಮಂದಿ ಎಲ್ಲಾ ಕೂತು ನೆನೆದ ಕಾಳನ್ನ ಹಿಸುಕಿ ಸಿಪ್ಪೆ ತೆಗೀತೀವಲ್ಲ, ಹಿತಕಿದ ಬೇಳೆಗೆ, ಆ ಹಿಸುಕೋದು ಹೆಬ್ಬೆರಳು ಮತ್ತೆ ತೋರುಬೆರಳಿನ ಕೆಲಸ, ಪೆನ್ಸಿಲ್ ಹಿಡಿಯೋದೂ ಅದೇ ಬೆರಳು. ಮಕ್ಕಳಿಗೆ ಕಾಳು ಚಿಮ್ಮೋದು ಅಂದ್ರೆ ಪ್ರಾಣ, ಅರ್ಧ ನೆಲಕ್ಕೆ ಹೋಗುತ್ತೆ, ಹೋಗ್ಲಿ. ಹೂ ಕಟ್ಟೋದು, ಚಪಾತಿ ಹಿಟ್ಟಲ್ಲಿ ಹಾವು ಮಾಡೋದು, ರಂಗೋಲಿ ಪುಡಿಯನ್ನ ಎರಡು ಬೆರಳ ಮಧ್ಯೆ ಬಿಡೋದು, ಇವೆಲ್ಲ ಬರವಣಿಗೆಯ ಮೊದಲ ಪಾಠ.

ಕಿವಿ: ಅಕ್ಷರ ಕಾಣೋ ಮುಂಚೆ ಕೇಳ್ಬೇಕು

ಓದೋದು ಕಣ್ಣಿಂದ ಶುರುವಾಗುತ್ತೆ ಅಂತ ಅನ್ಕೋತೀವಿ, ಆದ್ರೆ ಅದು ಶುರುವಾಗೋದು ಕಿವಿಯಿಂದ. ಮಾತಾಡುವಾಗ ಪದ ಒಂದೇ ಹರಿವಾಗಿ ಬರುತ್ತೆ. ಅದರೊಳಗೆ ತುಂಡುಗಳಿವೆ ಅಂತ ಮಗುವಿಗೆ ಗೊತ್ತಾಗ್ಬೇಕು. ಕ-ಮ-ಲ, ಮೂರು ಚಪ್ಪಾಳೆ. ಕಪ್-ಪೆ, ಎರಡು. ಅನ್ನ, ಚಿನ್ನ, ಬೆನ್ನ, ಕೊನೇಲಿ ಒಂದೇ ಥರ ಕೇಳುತ್ತೆ. ಇದನ್ನ ಶಬ್ದದ ಅರಿವು ಅಂತಾರೆ. ಈ ಅರಿವು ಇರೋ ಮಗೂಗೆ ಅಕ್ಷರ ಕಲಿಸಿದ್ರೆ "ಓ, ಈ ತುಂಡಿಗೆ ಈ ಆಕಾರ" ಅಂತ ಕೂರುತ್ತೆ, ಇಲ್ದೇ ಇರೋ ಮಗು ಅಕ್ಷರದ ಚಿತ್ರವನ್ನ ಬಾಯಿಪಾಠ ಮಾಡುತ್ತೆ, ಆಮೇಲೆ ಹೊಸ ಪದ ಬಂದಾಗ ನಿಂತೋಗುತ್ತೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲ ಇದೆ, ಒಂದು ಕಷ್ಟಾನೂ ಇದೆ. ಅನುಕೂಲ ಏನಂದ್ರೆ ನಮ್ಮ ಲಿಪಿಯ ಒಂದೊಂದು ಅಕ್ಷರ ಬಾಯಲ್ಲಿ ಒಟ್ಟಿಗೆ ಬರೋ ಒಂದು ಶಬ್ದಕ್ಕೆ ಹತ್ತಿರ ಇರುತ್ತೆ, ಚಪ್ಪಾಳೆ ಹೊಡೆದ ಹಾಗೇ ಬರೀಬಹುದು, ಇಂಗ್ಲಿಷ್ ಸ್ಪೆಲ್ಲಿಂಗ್ ಥರ ಒಗಟಲ್ಲ. ಕಷ್ಟ ಏನಂದ್ರೆ ವರ್ಣಮಾಲೆ ಮುಗಿದ್ರೂ ಮುಗಿಯಲ್ಲ, ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಆಕಾರ, ಅದನ್ನ ಕಲಿಯೋಕೆ ಎಲ್ಲಾ ಮಕ್ಕಳಿಗೂ ಕೆಲವು ವರ್ಷಾನೇ ಬೇಕು. ಮೂರು ವರ್ಷಕ್ಕೆ ಹಿಂದೆ ಬಿದ್ದು ಕಲಿಸಿದ್ರೂ ಆ ದಾರಿ ಗಿಡ್ಡ ಆಗಲ್ಲ. ಆ ವಯಸ್ಸಲ್ಲಿ ಕೈಗೆಟಕೋದು ಕಿವಿಯ ಆಟ. ಅವಲಕ್ಕಿ ಪವಲಕ್ಕಿ ಅಂತ ಬೆರಳಿಟ್ಟು ಎಣಿಸೋದು ಅದೇ, ಒಂದೊಂದು ಶಬ್ದದ ತುಂಡಿಗೆ ಒಂದೊಂದು ಕೈ. ಪದದ ಕೊಂಡಿ ಆಟ, ಮರ, ರಸ, ಸರ, ರಥ, ಇದನ್ನ ಸ್ಕೂಟರ್ ಮೇಲೆ ಹೋಗ್ತಾನೂ ಆಡ್ಬಹುದು. ಮನೇಲಿ ತುಳುವೋ ಕೊಂಕಣಿಯೋ ಉರ್ದುವೋ ಲಂಬಾಣಿಯೋ ಮಾತಾಡಿದ್ರೆ ಆ ಭಾಷೇಲೇ ಆಡಿ, ತುಂಡು ಮಾಡಿ ಕೇಳೋ ಕಿವಿ ಒಂದು ಭಾಷೇಲಿ ಬಂದ್ರೆ ಇನ್ನೊಂದಕ್ಕೂ ಕೆಲಸಕ್ಕೆ ಬರುತ್ತೆ.

ಲೆಕ್ಕ: ನೂರರವರೆಗೂ ಹೇಳುತ್ತೆ, ಐದು ಚಮಚ ತರಲ್ಲ

ನೆಂಟರು ಬಂದಾಗ ಮಗು ಒಂದರಿಂದ ನೂರು ಹೇಳಿ ಚಪ್ಪಾಳೆ ತಗೊಳ್ಳುತ್ತೆ. ಅದೇ ಮಗೂಗೆ "ಒಳಗಿಂದ ಐದು ಚಮಚ ತಗೊಂಡ್ ಬಾ" ಅನ್ನಿ, ಕೈಗೆ ಸಿಕ್ಕಷ್ಟು ತರುತ್ತೆ. ಯಾಕೆ? ನೂರರವರೆಗೆ ಹೇಳೋದು ಒಂದು ಹಾಡು ಹೇಳಿದ ಹಾಗೆ, ಕ್ರಮ ನೆನಪಿದ್ರೆ ಸಾಕು. ಎಣಿಸೋದು ಬೇರೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳ್ಬೇಕು, ಯಾವ್ದನ್ನೂ ಬಿಡ್ಬಾರ್ದು, ಎರಡು ಸಲ ಎಣಿಸ್ಬಾರ್ದು, ಕೊನೇಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟಿದೆ ಅನ್ನೋದು ಅಂತ ಗೊತ್ತಿರ್ಬೇಕು. ದೊಡ್ಡವರಿಗೆ ಇದು ಇಷ್ಟೆಲ್ಲಾ ಮೆಟ್ಟಿಲು ಅಂತ ಅನ್ಸೋದೇ ಇಲ್ಲ.

ಈಗ ಅಳಗುಳಿಮಣೆ ತಗೊಳ್ಳಿ, ಕರಾವಳಿ ಕಡೆ ಚೆನ್ನೆಮಣೆ. ಎರಡು ಸಾಲು, ಸಾಲಿಗೆ 7, ಒಟ್ಟು 14 ಗುಳಿ. ಒಂದು ಗುಳಿಯ ಬೀಜ ಪೂರ್ತಿ ಎತ್ಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗೋದು. ಒಂದು ಗುಳಿಗೆ ಒಂದು ಬೀಜ, ಇದೇ ಆ ಮೊದಲ ಮೆಟ್ಟಿಲು. ಸ್ವಲ್ಪ ದಿನ ಆಡಿದ ಮಗು ಗುಳೀಲಿ ನಾಲ್ಕಿದೆ ಅನ್ನೋದನ್ನ ಎಣಿಸ್ದೇ ಕಣ್ಣಲ್ಲೇ ಹೇಳುತ್ತೆ. ಇನ್ನೂ ಸ್ವಲ್ಪ ದಿನಕ್ಕೆ "ಇಲ್ಲಿಂದ ಎತ್ತಿದ್ರೆ ಅಲ್ಲಿ ಖಾಲಿ ಗುಳಿ ಮುಂದೆ ಮುಗಿಯುತ್ತೆ" ಅಂತ ಮುಂಚೇನೇ ಲೆಕ್ಕ ಹಾಕುತ್ತೆ, ಕೂಡೋದು ಕಳೆಯೋದು ಯಾರೂ ಹೇಳ್ಕೊಟ್ಟಿರಲ್ಲ.

ಇದಕ್ಕೆ ಸಂಶೋಧನೆಯ ಆಧಾರಾನೂ ಇದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತೆ ರಾಬರ್ಟ್ ಸೀಗ್ಲರ್ ಅನ್ನೋರು ಕಡಿಮೆ ಆದಾಯದ ಮನೆಗಳ ಪ್ರೀಸ್ಕೂಲ್ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದ್ರು. ಒಂದು ಗುಂಪಿಗೆ 1ರಿಂದ 10 ಮನೆ ಸಾಲಾಗಿರೋ ಬೋರ್ಡ್ ಆಟ, ಇನ್ನೊಂದು ಗುಂಪಿಗೆ ಅದೇ ಬೋರ್ಡು ಆದ್ರೆ ಸಂಖ್ಯೆ ಬದಲು ಬಣ್ಣ. ಎರಡು ವಾರದಲ್ಲಿ 15 ನಿಮಿಷದ ಹಾಗೆ 4 ಸಲ, ಒಟ್ಟು ಒಂದು ಗಂಟೆ ಆಟ. ಸಂಖ್ಯೆಯ ಬೋರ್ಡ್ ಆಡಿದ ಮಕ್ಕಳು ಎಣಿಕೇಲಿ, ಯಾವ್ದು ದೊಡ್ಡದು ಯಾವ್ದು ಚಿಕ್ಕದು ಹೇಳೋದ್ರಲ್ಲಿ ಮುಂದಾದ್ರು, 9 ವಾರ ಆದ್ಮೇಲೂ ಆ ಲಾಭ ಉಳಿದಿತ್ತು. ಬಣ್ಣದ ಗುಂಪಿಗೆ ಹಾಗಾಗ್ಲಿಲ್ಲ. ಕಾರಣ ಸರಳ, ದೊಡ್ಡ ಸಂಖ್ಯೆಗೆ ಹೋಗೋಕೆ ಜಾಸ್ತಿ ಹೆಜ್ಜೆ ಇಡ್ಬೇಕು, ಜಾಸ್ತಿ ಹೊತ್ತು ಹಿಡಿಯುತ್ತೆ, ಕೈ ಜಾಸ್ತಿ ದೂರ ಹೋಗುತ್ತೆ, ಹೀಗೆ ಸಂಖ್ಯೆ ಮೈಗೆ ಗೊತ್ತಾಗುತ್ತೆ. ಹಾವು ಏಣಿಯಲ್ಲೂ ಕೈ ಹೀಗೇ ಮನೆ ಮನೆ ದಾಟುತ್ತೆ, ನಮ್ಮ ಅಜ್ಜಿಯಂದಿರು ಪರಮಪದ ಸೋಪಾನ ಪಟ ಅಂತಿದ್ರಲ್ಲ ಅದು. ಚಿಕ್ಕ ಮಕ್ಕಳಿಗೆ ನೂರು ಮನೆ ಜಾಸ್ತಿ, ರಟ್ಟಿನ ಮೇಲೆ ಹತ್ತು ಮನೆ ಗೀಚಿದ್ರೆ ಸಾಕು.

ಕೆರೆ-ದಡ: ತಲೆಯ ಬ್ರೇಕು

ನೆಲದ ಮೇಲೆ ಒಂದು ವೃತ್ತ. ಒಳಗೆ ಕೆರೆ, ಹೊರಗೆ ದಡ. ಟೀಚರ್ "ಕೆರೆ" ಅಂದ್ರೆ ಒಳಗೆ ಹಾರು, "ದಡ" ಅಂದ್ರೆ ಹೊರಗೆ. ಕೆರೆ, ದಡ, ಕೆರೆ, ದಡ, ದಡ! ಆ ಎರಡನೇ ದಡಕ್ಕೆ ಅರ್ಧ ಮಕ್ಕಳು ಒಳಗೆ ಹಾರಿರ್ತಾರೆ.

ಯಾಕಂದ್ರೆ ಮೈ ರೂಢಿಗೆ ಬಿದ್ದಿರುತ್ತೆ, ತಲೆ ಅದನ್ನ ತಡೀಬೇಕು. ಇಲ್ಲಿ ಮೂರು ಕೆಲಸ ಒಟ್ಟಿಗೆ ನಡೀತಿರುತ್ತೆ, ನಿಯಮ ನೆನಪಿಟ್ಕೊಳ್ಳೋದು, ಹಾರ್ಬೇಕು ಅನ್ಸಿದ್ರೂ ತಡ್ಕೊಳ್ಳೋದು, ಮಾತು ಬದಲಾದ ಹಾಗೆ ಬದಲಾಗೋದು. ಇದನ್ನ ಸ್ವನಿಯಂತ್ರಣ ಅಂತಾರೆ, ಮಿದುಳಿನ ಮುಂಭಾಗದ ಕೆಲಸ ಇದು, ಆ ಭಾಗ ಪೂರ್ತಿ ಬಲಿಯೋಕೆ ಇಪ್ಪತ್ತು ವರ್ಷ ದಾಟುತ್ತೆ, ಆದ್ರೆ 3ರಿಂದ 5ರ ವಯಸ್ಸಲ್ಲಿ ಅದರ ಬೆಳವಣಿಗೆ ಜೋರಾಗಿರುತ್ತೆ. ಒಂದನೇ ಕ್ಲಾಸಲ್ಲಿ ಮಗೂಗೆ ನಿಜವಾಗಿ ಬೇಕಾಗೋದು ಇದು. ಸರದಿ ಕಾಯೋದು, ಪಕ್ಕದವನು ಮಾತಾಡ್ಸಿದ್ರೂ ಟೀಚರ್ ಮಾತು ಕೇಳೋದು, ತಪ್ಪಾದ್ರೆ ರಬ್ಬರ್ ತಗೊಂಡು ಮತ್ತೆ ಬರೆಯೋದು. "ಸುಮ್ನೆ ಕೂತ್ಕೋ" ಅಂತ ಹತ್ತು ಸಲ ಬೈದ್ರೆ ಈ ಬ್ರೇಕ್ ಮೂಡಲ್ಲ, ಬೈಯೋರು ಆಚೆ ಹೋದ ತಕ್ಷಣ ಹೋಗುತ್ತೆ. ಆಟದಲ್ಲಿ ಮಗು ತಾನೇ ಬ್ರೇಕ್ ಹಾಕುತ್ತೆ, ಯಾಕಂದ್ರೆ ಔಟಾಗೋಕೆ ಅದಕ್ಕೆ ಇಷ್ಟ ಇಲ್ಲ. ಒಂದು ಮಾತು, ಚಿಕ್ಕ ಮಕ್ಕಳಲ್ಲಿ ಔಟಾದವರನ್ನ ಆಚೆ ಕೂರಿಸ್ಬೇಡಿ, ಬ್ರೇಕ್ ಕಲಿಯೋ ಅಗತ್ಯ ಜಾಸ್ತಿ ಇರೋ ಮಗೂನೇ ಮೊದ್ಲು ಔಟಾಗೋದು. ಮುಂದುವರೀಲಿ ಬಿಡಿ.

ಬೇಗ ಶುರು ಮಾಡಿದ್ರೆ ಮುಂದೆ ಇರಲ್ವಾ?

ಎಲ್ಲರೂ ಕೇಳೋ ಪ್ರಶ್ನೆ. ಮಿದುಳಿನ ಬೆಳವಣಿಗೆಯಲ್ಲಿ 85%ಗಿಂತ ಜಾಸ್ತಿ 6 ವರ್ಷದೊಳಗೇ ಆಗುತ್ತೆ ಅಂತ ಶಿಕ್ಷಣ ನೀತಿಯಲ್ಲೇ ಬರೆದಿದೆ, ಅದನ್ನ ತೋರಿಸಿ "ಅದಕ್ಕೇ ಈಗ್ಲೇ ತುಂಬ್ಬೇಕು" ಅನ್ನೋ ಜಾಹೀರಾತೂ ನೋಡಿದೀನಿ. ಮಿದುಳು ಬೆಳೀತಿದೆ ಅಂದ್ರೆ ಚೀಲ ಖಾಲಿ ಇದೆ ಅಂತ ಅರ್ಥ ಅಲ್ಲ. ಮಾತು, ಓಟ, ಮುಟ್ಟೋದು, ಸಂಬಂಧ ಇವುಗಳ ಅನುಭವದಿಂದ ಅದರ ಕೊಂಡಿಗಳು ಗಟ್ಟಿಯಾಗ್ತಾ ಇರ್ತಾವೆ.

ನ್ಯೂಜಿಲೆಂಡಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತೆ ಜೊತೆಯವರು ಎರಡು ಥರದ ಮಕ್ಕಳನ್ನ ಹೋಲಿಸಿದ್ರು, 5ನೇ ವಯಸ್ಸಿಗೇ ಓದೋಕೆ ಕಲಿಸಿದವರು ಒಂದು ಕಡೆ, 7ನೇ ವಯಸ್ಸಿಗೆ ಶುರು ಮಾಡಿದವರು ಇನ್ನೊಂದು ಕಡೆ. 11 ವರ್ಷ ಆಗೋ ಹೊತ್ತಿಗೆ ಇಬ್ಬರ ಓದಿನ ವೇಗದಲ್ಲಿ ವ್ಯತ್ಯಾಸ ಉಳೀಲಿಲ್ಲ. ಫಿನ್‌ಲ್ಯಾಂಡಲ್ಲಿ ಶಾಲೆ ಶುರುವಾಗೋದೇ 7ಕ್ಕೆ, ಅದಕ್ಕೆ ಮುಂಚೆ ಒಂದು ವರ್ಷ ಪೂರ್ವ ಪ್ರಾಥಮಿಕ, ಅದೂ ಆಟದ ಮೇಲೇ. ಹಾಗಂತ ಅಕ್ಷರಾನ ಮುಟ್ಟಿಸಲೇಬಾರ್ದು ಅಂತ ಯಾರೂ ಹೇಳ್ತಿಲ್ಲ. ಮಗು ಬಸ್ ಬೋರ್ಡ್ ನೋಡಿ "ಇದೇನು?" ಅಂದ್ರೆ ಹೇಳಿ, ತನ್ನ ಹೆಸರು ಬರೀಬೇಕು ಅಂದ್ರೆ ತೋರಿಸಿ, ದಿನಾ ರಾತ್ರಿ ಕಥೆ ಓದಿ. ಪುಸ್ತಕ ಇಲ್ಲದ ಮನೆಯಿಂದ ಬರೋ ಮಗೂಗಂತೂ ಪ್ರೀಸ್ಕೂಲಲ್ಲಿ ಪುಸ್ತಕ, ಕಥೆ, ಮಾತು ಧಾರಾಳವಾಗಿ ಸಿಗ್ಲೇಬೇಕು. ಬಲವಂತ, ಕಾಪಿ ಬರೆಸೋದು, ಪರೀಕ್ಷೆ ಇವು ಬೇಡ ಅನ್ನೋದಷ್ಟೇ ವಿಷಯ. 2020ರ ಶಾಲಾ ಬ್ಯಾಗ್ ನೀತಿ ಪ್ರೀಪ್ರೈಮರಿಗೆ ಬ್ಯಾಗೇ ಬೇಡ, ಎರಡನೇ ಕ್ಲಾಸಿನವರೆಗೆ ಹೋಮ್‌ವರ್ಕೂ ಬೇಡ ಅನ್ನುತ್ತೆ.

ಒಂದನೇ ಕ್ಲಾಸಿಗೆ ಹೋದ್ಮೇಲೆ

ಆಟ ಗೇಟಲ್ಲೇ ನಿಂತ್ಕೋಬೇಕಾಗಿಲ್ಲ ಅನ್ನೋದಕ್ಕೆ ನಮ್ಮದೇ ಉದಾಹರಣೆ ಇದೆ, ನಲಿ-ಕಲಿ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡ್ ಬಂದು, ಯುನಿಸೆಫ್ ನೆರವಿನ ಜೊತೆ ಕಾಡಂಚಿನ ತಮ್ಮ ಶಾಲೆಗಳಲ್ಲಿ ಶುರು ಮಾಡಿದ್ರು, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಸಣ್ಣ ತರಗತಿಗಳಿಗೆಲ್ಲ ಬಂತು. ಬೆಂಚಿಲ್ಲ, ಮಕ್ಕಳು ಗುಂಪಾಗಿ ನೆಲದ ಮೇಲೆ, ಗೋಡೆ ಕೆಳಗೆ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ, ಮೇಲೆ ದಾರಕ್ಕೆ ತೂಗುಹಾಕಿದ ಕಲಿಕಾ ಚಪ್ಪರ, ಗೋಡೇಲಿ ಕಲಿಕಾ ಮೆಟ್ಟಿಲು, ಅಂದ್ರೆ ಯಾವ ಕಾರ್ಡ್ ಆದ್ಮೇಲೆ ಯಾವ ಕಾರ್ಡ್ ಕಲೀಬೇಕು ಅಂತ ತೋರಿಸೋ ಪಟ್ಟಿ. ಒಂದು ವಾರ ಜ್ವರ ಬಂದು ರಜ ಹಾಕಿದ ಮಗು ವಾಪಸ್ ಬಂದ್ರೆ ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತೆ, ಕ್ಲಾಸು ಅದನ್ನ ಬಿಟ್ಟು ಮುಂದೆ ಹೋಗಿರಲ್ಲ. ಒಂದೇ ಟೀಚರ್ ಕೈಯಲ್ಲಿ ಮಕ್ಕಳು ಜಾಸ್ತಿ ಇದ್ರೆ, ಕಾರ್ಡು ಹರಿದೋಗಿದ್ರೆ ಇದು ಕಷ್ಟ ಆಗುತ್ತೆ, ನಡೆಸೋರ ಮೇಲೆ ಹೊರೆ ನಿಜವಾಗ್ಲೂ ಜಾಸ್ತಿ.

ಒಂದನೇ ಕ್ಲಾಸಿನ ಮೊದಲ 3 ತಿಂಗಳು ಆಟದ ಮೂಲಕ ಹೊಂದಿಸೋಕೆ ಅಂತ 2021ರಲ್ಲಿ ವಿದ್ಯಾ ಪ್ರವೇಶ ಅನ್ನೋ ಕಾರ್ಯಕ್ರಮಾನೂ ಬಂತು. ಇನ್ನು ಮೈದಾನ. ಶಿಕ್ಷಣ ಹಕ್ಕು ಕಾಯ್ದೆ 2009 ಪ್ರತಿ ಶಾಲೆಗೂ ಆಟದ ಮೈದಾನ ಇರ್ಬೇಕು ಅನ್ನುತ್ತೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನ ಹಕ್ಕು ಅನ್ನುತ್ತೆ, ಭಾರತ ಅದನ್ನ 1992ರಲ್ಲಿ ಒಪ್ಕೊಂಡಿದೆ. ಹಾಗಾಗಿ ಹೋಮ್‌ವರ್ಕ್ ಮಾಡಿಲ್ಲ ಅಂತ ಪಿಟಿ ಪಿರಿಯಡ್ ಕಿತ್ಕೊಳ್ಳೋದು ನನಗೆ ಯಾವಾಗ್ಲೂ ತಪ್ಪು ಅನ್ಸುತ್ತೆ, ಅದು ಊಟ ಕಿತ್ಕೊಂಡ ಹಾಗೆ.

ಪ್ರೀಸ್ಕೂಲ್ ನೋಡೋಕೆ ಹೋದಾಗ

ಗೋಡೆ ಮೇಲಿನ ಕಾರ್ಟೂನ್ ನೋಡ್ಬೇಡಿ, ಮಕ್ಕಳ ಬಟ್ಟೆ ನೋಡಿ. ಹನ್ನೊಂದು ಗಂಟೆಗೂ ಯೂನಿಫಾರ್ಮ್ ಇಸ್ತ್ರಿ ಹಾಗೇ ಇದ್ರೆ ಮಣ್ಣು ನೀರು ಮುಟ್ಟಿಲ್ಲ ಅಂತ. ಆಟದ ಸಾಮಾನು ಮಕ್ಕಳ ಕೈಗೆಟಕೋ ಹಾಗಿದ್ಯಾ ಅಥವಾ ಬೀರು ಒಳಗೆ ಬೀಗ ಹಾಕಿದ್ಯಾ ನೋಡಿ. ಗೋಡೇಲಿರೋ ಚಿತ್ರ ಎಲ್ಲಾ ಒಂದೇ ಥರದ ಮನೆ, ಒಂದೇ ಸೂರ್ಯ ಆಗಿದ್ರೆ ಟೀಚರ್ ಬರೆದುಕೊಟ್ಟು ಬಣ್ಣ ತುಂಬಿಸಿದಾರೆ ಅಂತ ಅರ್ಥ. ಹತ್ತು ನಿಮಿಷ ನಿಂತು ಕೇಳಿ, ಯಾರ ಧ್ವನಿ ಜಾಸ್ತಿ, ಟೀಚರ್‌ದಾ ಮಕ್ಕಳದಾ? ನಡೆಯೋಕೆ ಆಗದ ಮಗುವೋ, ಮಾತು ತಡವಾದ ಮಗುವೋ ಇದ್ರೆ ಅದೂ ಆಟದ ಒಳಗಿದ್ಯಾ ಇಲ್ಲ ಮೂಲೇಲಿ ಕೂತಿದ್ಯಾ, ಇದನ್ನ ತಪ್ಪದೇ ನೋಡಿ. ಇದೆಲ್ಲ ಅಂಗನವಾಡಿಗೂ ಅನ್ವಯಿಸುತ್ತೆ, ದುಬಾರಿ ಪ್ಲೇಸ್ಕೂಲ್‌ಗೂ ಅನ್ವಯಿಸುತ್ತೆ, ಫೀಸಿಗೂ ಆಟಕ್ಕೂ ಸಂಬಂಧ ಕಮ್ಮಿ.

ಮನೇಲಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಹೀಗಿದೆ, 3-4 ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸ್ಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರೋ ಹಾಗೆ ಓಡಿ ಕುಣೀಬೇಕು, ಸ್ಕ್ರೀನ್ ಒಂದು ಗಂಟೆ ದಾಟ್ಬಾರ್ದು, ಕಮ್ಮಿ ಆದಷ್ಟೂ ಒಳ್ಳೇದು, ನಿದ್ದೆ 10ರಿಂದ 13 ಗಂಟೆ. ಮೂರು ಗಂಟೆ ಅಂದ್ರೆ ಜಾಸ್ತಿ ಅನ್ಸುತ್ತೆ ಆದ್ರೆ ಒಟ್ಟಿಗೆ ಆಗ್ಬೇಕಿಲ್ಲ, ಅಂಗಡಿಗೆ ನಡ್ಕೊಂಡ್ ಹೋಗೋದು, ಮೆಟ್ಟಿಲು ಹತ್ತೋದು, ಮಂಚದಿಂದ ಹಾರೋದು ಎಲ್ಲಾ ಸೇರುತ್ತೆ. ಜಾಗ ಇಲ್ಲ ಅನ್ನೋರಿಗೆ ಟೆರೇಸಲ್ಲಿ ಸೀಮೆಸುಣ್ಣದಲ್ಲಿ ಗೀಚಿದ ಕುಂಟೆಬಿಲ್ಲೆಗೆ ಆರು ಅಡಿ ಜಾಗ ಸಾಕು. ಆಟದ ಸಾಮಾನಿಗೆ ದುಡ್ಡೂ ಬೇಡ, ತೆಂಗಿನ ಚಿಪ್ಪು, ಹಳೆ ಡಬ್ಬಿ, ಅಮ್ಮನ ಹಳೆ ದುಪಟ್ಟಾ, ರಟ್ಟಿನ ಪೆಟ್ಟಿಗೆ. ಬಟನ್ ಒತ್ತಿದ್ರೆ ತಾನೇ ಹಾಡೋ ಗೊಂಬೆ ಒಂದು ಕೆಲಸ ಮಾತ್ರ ಮಾಡುತ್ತೆ, ರಟ್ಟಿನ ಪೆಟ್ಟಿಗೆ ಬೆಳಿಗ್ಗೆ ಮನೆ, ಮಧ್ಯಾಹ್ನ ಲಾರಿ, ಸಂಜೆ ಅಂಗಡಿ ಆಗುತ್ತೆ.

ಅಳಗುಳಿಮಣೆ ಇಲ್ದಿದ್ರೆ ಮೊಟ್ಟೆ ಟ್ರೇ ಕತ್ತರಿಸಿ 14 ಗುಳಿ ಮಾಡ್ಕೋಬಹುದು. ಬೀಜಕ್ಕೆ ಹುಣಸೆಬೀಜ ಅಥವಾ ಕರಾವಳಿ ಕಡೆಯ ಮಂಜಾಡಿ ಬೀಜ ಸರಿ, ಆದ್ರೆ ಕೆಂಪಗೆ ಕಪ್ಪು ಚುಕ್ಕೆ ಇರೋ ಗುಲಗಂಜಿ ಬೇಡವೇ ಬೇಡ, ಅದು ವಿಷ, ಒಡೆದು ಅಗಿದ್ರೆ ಪ್ರಾಣಕ್ಕೇ ಅಪಾಯ. ಮನೇಲಿ ಮೂರು ವರ್ಷದೊಳಗಿನ ಕೂಸಿದ್ರೆ ಯಾವ ಬೀಜಾನೂ ನೆಲದ ಮೇಲೆ ಬಿಡ್ಬೇಡಿ, ಗಂಟಲಿಗೆ ಸಿಕ್ಕಾಕೊಳ್ಳುತ್ತೆ. ಆಟ ಮುಗಿದ್ಮೇಲೆ ಬೀಜ ಎಲ್ಲಾ ಇದ್ಯಾ ಅಂತ ಎಣಿಸಿ ಡಬ್ಬಿಗೆ ಹಾಕೋ ಕೆಲಸ ದೊಡ್ಡ ಮಗೂಗೇ ಕೊಡಿ, ಗುಳಿಗೆ 4ರ ಹಾಗೆ ಒಟ್ಟು 56 ಇರ್ಬೇಕು, ಒಂದು ಕಮ್ಮಿ ಬಂದ್ರೆ ಮಂಚದ ಕೆಳಗೆ ಹುಡುಕೋಕೆ ಅದೇ ಹೋಗುತ್ತೆ.